ನಾಟಿಕೋಳಿ ಹೊತ್ತೊಯ್ಯುವ ಮುಂಗುಸಿ, ಗಿಡುಗಕ್ಕೆ ಏನು ಮಾಡೋದು?

ಕೋಳಿ ಹೋಯ್ತು ಅಂದ ಕೂಡಲೇ ಊರಲ್ಲಿ ಸಿಗುವ ಸಲಹೆ ಒಂದೇ: ಮಾಂಸದ ತುಂಡಿಗೆ ಫ್ಯೂರಡಾನ್ ಅನ್ನೋ ಕೀಟನಾಶಕ ಹಾಕಿ ಬೇಲಿ ಪಕ್ಕ ಇಡಿ. ದಯವಿಟ್ಟು ಬೇಡ. ಮುಂಗುಸಿ, ಕಾಡುಬೆಕ್ಕು, ಪುನುಗು, ಗಿಡುಗ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಉರುಳು ಹಾಕುವುದು ಮಾತ್ರ ಅಲ್ಲ, ಬೋನಲ್ಲಿ ಹಿಡಿದು ದೂರದ ಕಾಡಿಗೆ ಬಿಟ್ಟು ಬಂದರೂ ಕೇಸು. ಆ ವಿಷ ನಿಮ್ಮ ಮನೆ ನಾಯಿಯ ಬಾಯಿಗೇ ಬೀಳಬಹುದು, ಅದೂ ನೆನಪಿರಲಿ. ಒಂದು ಮುಂಗುಸಿ ಹೋದರೆ ಇನ್ನೊಂದು ಬರುತ್ತೆ, ಗೂಡಿನ ಸಂದು ಹಾಗೇ ಇರುತ್ತಲ್ಲ.

ಮೊದಲು ಕಳ್ಳ ಯಾರು ಅಂತ ನೋಡಿ. ಹಗಲಲ್ಲೇ ನಾಲ್ಕೈದು ಮರಿ ಕುತ್ತಿಗೆ ಕಚ್ಚಿಸಿಕೊಂಡು ಅಲ್ಲೇ ಬಿದ್ದಿದ್ದರೆ ಮುಂಗುಸಿ ಇರಬಹುದು. ಒಂದೇ ಕಡೆ ಪುಕ್ಕದ ರಾಶಿ ಇದ್ದರೆ ಗಿಡುಗ ಕೂತು ತರಿದಿದೆ. ರಾತ್ರಿ ಮಾಡಿನ ಹಂಚು ಸರಿದಿದ್ದರೆ ಪುನುಗಿನ ಮೇಲೆ ಅನುಮಾನ ಪಡಿ. ಇಡೀ ಕೋಳಿಯೇ ಮಾಯವಾಗಿದ್ದರೆ ಕಾಡುಬೆಕ್ಕು, ಇಲ್ಲಾ ಊರುನಾಯಿ. ಎಷ್ಟೋ ಸಲ ನಾಯಿ ಮಾಡಿದ್ದಕ್ಕೆ ಕಾಡುಪ್ರಾಣಿ ಬೈಸಿಕೊಳ್ಳುತ್ತೆ.

ಈಗ ಗೂಡು. ಆರು ಮೂಲೆ ಕಣ್ಣಿನ ತೆಳು ಕೋಳಿ ಮೆಶ್ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಹೊರಗಿನವರನ್ನು ತಡೆಯಲ್ಲ, ಹಲ್ಲು ಹಾಕಿ ಜಗ್ಗಿದರೆ ಹರಿಯುತ್ತೆ. ಕೆಳಗಿನ ಮೂರು ಅಡಿಗಾದರೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹೊಡೆಯಿರಿ. ಅದನ್ನು ನೆಲ ಮುಟ್ಟಿದಲ್ಲಿಗೇ ಮುಗಿಸಬೇಡಿ, ಹೊರಗಡೆಗೆ ಒಂದೂವರೆ ಅಡಿ ಮಡಚಿ ಹಾಸಿ ಮೇಲೆ ಮಣ್ಣು, ಕಲ್ಲು ಹೇರಿ. ತೋಡೋ ಪ್ರಾಣಿ ಗೋಡೆ ಬುಡದಲ್ಲೇ ತೋಡುತ್ತೆ, ಎರಡು ಹೆಜ್ಜೆ ಹಿಂದೆ ಹೋಗಿ ಶುರು ಮಾಡೋಣ ಅಂತ ಅದಕ್ಕೆ ಹೊಳೆಯಲ್ಲ. ಕೊನೆಗೆ ಬಾಗಿಲು. ನನ್ನ ಹನ್ನೊಂದು ಮರಿ ಹೋಗಿದ್ದು ಬಾಗಿಲ ಕೆಳಗಿನ ಮೂರು ಬೆರಳು ಸಂದಿನಿಂದ. ಗೂಡಿಗೆ ಅಷ್ಟೆಲ್ಲ ದುಡ್ಡು ಹಾಕಿ, ಹೊಸಲಿಗೆ ಒಂದು ರೀಪು ಹೊಡೆಯೋಕೆ ಸೋಮಾರಿತನ ಮಾಡಿದ್ದೆ.

ಗಿಡುಗದ ಕಥೆ ಬೇರೆ, ಅದಕ್ಕೆ ಬಾಗಿಲು ಬೇಕಿಲ್ಲ. ಮರಿಗಳನ್ನು ಮೊದಲ ಆರೇಳು ವಾರ ಮಂಕರಿ ಕೆಳಗೋ ಬಲೆ ಹೊದಿಸಿದ ಅಂಗಳದಲ್ಲೋ ಇಡಿ, ಹಳೇ ಮೀನಿನ ಬಲೆ ಸಾಕು. ದೊಡ್ಡವಾದ ಮೇಲೆ ಬಯಲಿಗೆ ಬಿಡುವುದಾದರೆ ಓಡಿ ಅವಿತುಕೊಳ್ಳೋಕೆ ಪೊದೆ ಬೇಕು: ದಾಸವಾಳದ ಬೇಲಿ, ಬಾಳೆ ಹಿಂಡು, ಏನೂ ಇಲ್ಲದಿದ್ದರೆ ತೆಂಗಿನ ಗರಿ ಒರಗಿಸಿದ ಗುಡಿಸಲು. ಇಂಗ್ಲೆಂಡಲ್ಲಿ ಬೇಟೆಗೆ ಅಂತ ಫೆಸೆಂಟ್ ಹಕ್ಕಿ ಸಾಕಿ ಬಿಡುವವರದ್ದೂ ಇದೇ ಪಾಡು. ಅಲ್ಲೂ ಗಿಡುಗಗಳನ್ನು ಕಾನೂನು ಕಾಯುತ್ತದೆ, ಅವರೂ ಬೇಲಿ ಒಳಗೆ ಪೊದೆ ಬೆಳೆಸುತ್ತಾರೆ. ಗಿಡುಗ ಹೆದರಲಿ ಅಂತ ಹೊಳೆಯುವ ಸಿಡಿ ತಟ್ಟೆ ನೇತುಹಾಕೋದು ನಾಲ್ಕು ದಿನದ ಆಟ, ಆಮೇಲೆ ಹಕ್ಕಿಗೆ ಗೊತ್ತಾಗಿಬಿಡುತ್ತೆ, ಹಾಗಾಗಿ ಜಾಗ ಬದಲಿಸ್ತಾ ಇರಬೇಕು. ಗುಂಪಲ್ಲಿ ಒಂದು ವಯಸ್ಸಾದ ಹುಂಜ ಇರಲಿ. ಅದು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡಿ ಕೊರ್ರ್ ಅಂದರೆ ಸಾಕು, ಹೇಂಟೆಗಳೆಲ್ಲ ಪೊದೆ ಸೇರುತ್ತವೆ.

ಬೆಳಿಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆ ಬಿಡಿ, ಕತ್ತಲಾಗುವ ಮುಂಚೆ ಎಣಿಸಿ ಮುಚ್ಚಿ.

ಬೆಳಿಗ್ಗೆ ಗೂಡಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಹೆಬ್ಬಾವು ಮಲಗಿದ್ದರೆ ಎಳೆಯೋಕೆ ಹೋಗಬೇಡಿ. ಬಂದ ಸಂದಲ್ಲೇ ಅದು ವಾಪಸ್ ಹೋಗಲಾರದು, ಅಲ್ವಾ? ಉಳಿದ ಕೋಳಿ ಹೊರಗೆ ಬಿಡಿ, ನಾಯಿ ಕಟ್ಟಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಹಿಡಿದುಕೊಂಡು ಹೋದ ಮೇಲೆ ಆ ಸಂದು ಎಲ್ಲಿದೆ ಅಂತ ಹುಡುಕಿ.