ಕೆಲಸ ಬಿಡದೆ ಪೋಸ್ಟ್ ಬೇಸಿಕ್ ನರ್ಸಿಂಗ್: ನನ್ನ ಅನುಭವ, ನನ್ನ ಲೆಕ್ಕ

ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. (ಡಿಪ್ಲೊಮಾ ಆದವರಿಗಿರುವ ಪದವಿ ಕೋರ್ಸು) ಮಾಡ್ತೀನಿ ಅಂದರೆ ಸಿಗುವ ಸಲಹೆ ಗೊತ್ತಿರೋದೇ. ಕೆಲಸ ಬಿಟ್ಟು ಮಾಡು, ಇಲ್ಲಾ ಮಕ್ಕಳು ದೊಡ್ಡವರಾಗಲಿ ಬಿಡು. ಅದೂ ಅಲ್ಲದಿದ್ದರೆ 'ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದರೆ ಸಾಕು' ಅನ್ನುವ ಏಜೆಂಟನ ನಂಬರ್. ಬೆಂಗಳೂರಿನಲ್ಲೇ ಇದ್ದುಕೊಂಡು, ಆಸ್ಪತ್ರೆಯ ಕೆಲಸ ಪೂರ್ತಿ ಬಿಡದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎರಡು ವರ್ಷದ ಕೋರ್ಸನ್ನು ಒಂದೂ ಸಪ್ಲಿಮೆಂಟರಿ ಇಲ್ಲದೆ ಮುಗಿಸಿದ್ದಾಯಿತು. 'ಆಗೋ ಮಾತಲ್ಲ' ಅಂದಿದ್ದವರೇ ಈಗ ನನ್ನ ರೋಸ್ಟರಿನ (ಡ್ಯೂಟಿ ಪಟ್ಟಿಯ) ಫೋಟೊ ಕೇಳುತ್ತಿದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಏಜೆಂಟನ ದಾರಿ ಬೇಡ ಅಂದದ್ದು ನೀತಿ ಪಾಠಕ್ಕಲ್ಲ. ಮುಂದೆ ಹೊರದೇಶಕ್ಕೆ ಅರ್ಜಿ ಹಾಕಿದಾಗ ಸಬ್ಜೆಕ್ಟ್‌ವಾರು ಥಿಯರಿ ಮತ್ತು ಕ್ಲಿನಿಕಲ್ (ಆಸ್ಪತ್ರೆಯ ತರಬೇತಿ) ಗಂಟೆಗಳ ವಿವರ ಕೇಳುತ್ತಾರೆ. ಕ್ಲಾಸಿಗೆ ಹೋಗದೆ ದುಡಿದ ಅದೇ ಅವಧಿಯ ಪೂರ್ಣಾವಧಿ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟೂ ಪಕ್ಕದಲ್ಲಿದ್ದರೆ ಒಂದು ಕಾಗದ ಇನ್ನೊಂದನ್ನು ಸುಳ್ಳು ಮಾಡುತ್ತದೆ.

ಇಡೀ ಆಟ ಹಾಜರಾತಿಯದು. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ 80%, ಪದವಿ ಸಿಗುವ ಮುನ್ನ ಪ್ರಾಕ್ಟಿಕಲ್ 100%. 'ಪ್ರತಿ ವಿಷಯದಲ್ಲೂ' ಅನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. ಮೆಡಿಕಲ್ ಸರ್ಜಿಕಲ್ ಥಿಯರಿ 90 ಗಂಟೆ, 18 ಗಂಟೆ ತಪ್ಪಿದರೂ ನಡೆಯುತ್ತದೆ. ಬಯೋಕೆಮಿಸ್ಟ್ರಿ ಮತ್ತು ಬಯೋಫಿಸಿಕ್ಸ್ ಸೇರಿ 60 ಗಂಟೆ, ಅಲ್ಲಿ 12 ಗಂಟೆ ಮಾತ್ರ. ಈಗ ಭಾನುವಾರ ನೈಟ್ ಮಾಡಿ ಸೋಮವಾರದ ಮೊದಲ ಪೀರಿಯಡ್ ತಪ್ಪಿಸುತ್ತಾ ಹೋದರೆ ಏನಾಗುತ್ತದೆ ನೋಡಿ: ಟೈಮ್‌ಟೇಬಲ್‌ನಲ್ಲಿ ಆ ಪೀರಿಯಡ್ ಯಾವಾಗಲೂ ಒಂದೇ ವಿಷಯದ್ದು. ಒಟ್ಟು ಹಾಜರಾತಿ 90% ಕಾಣುತ್ತದೆ, ಬಯೋಕೆಮಿಸ್ಟ್ರಿ 60%ಕ್ಕೆ ಇಳಿದಿರುತ್ತದೆ. ಹಾಲ್ ಟಿಕೆಟ್ ನಿಲ್ಲುವುದು ಇಲ್ಲೇ. ಟೈಮ್‌ಟೇಬಲ್ ಕೈಗೆ ಬಂದ ದಿನವೇ ವಿಷಯಕ್ಕೊಂದು ಸಾಲು ಹಾಕಿ, ತಪ್ಪಿಸಬಹುದಾದ ಗಂಟೆಗಳನ್ನು ಬರೆದು, ಬಳಸಿದಂತೆಲ್ಲ ಹೊಡೆದು ಹಾಕುತ್ತಾ ಬರಬೇಕು. ಮೂರನೇ ಒಂದು ಭಾಗವನ್ನು ಮಕ್ಕಳ ಜ್ವರಕ್ಕೆ ಅಂತ ಮೊದಲೇ ತೆಗೆದಿಡಿ.

ಇನ್ನು ಡ್ಯೂಟಿ. ವಾರದ ಮಧ್ಯೆ ನೈಟ್ ಮಾಡಿ ಹಗಲು ಕಾಲೇಜು ಅನ್ನುವುದನ್ನು ಎರಡು ಮೂರು ರೀತಿ ಪ್ರಯತ್ನಿಸಿದೆ, ಯಾವುದೂ ನಿಲ್ಲಲಿಲ್ಲ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಮಾಡಿದರೆ ದೇಹ ಯಾವ ಕಡೆಗೂ ಹೊಂದುವುದಿಲ್ಲ. ಬೆಳಿಗ್ಗೆ 8ಕ್ಕೆ ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಟ್ಟು 8ಕ್ಕೇ ಇನ್ನೊಂದು ಆಸ್ಪತ್ರೆಯಲ್ಲಿ ಕೋರ್ಸಿನ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ನಿಲ್ಲುವುದು ಗಡಿಯಾರಕ್ಕೇ ಒಗ್ಗುವುದಿಲ್ಲ. ನಿದ್ದೆಗೆಟ್ಟ ಕಣ್ಣಲ್ಲಿ ಡ್ರಿಪ್ ರೇಟ್ ಲೆಕ್ಕ ಹಾಕುವುದಂತೂ ರೋಗಿಯ ಮೇಲೆ ಮಾಡುವ ಪ್ರಯೋಗ.

ಕೊನೆಗೆ ಗಟ್ಟಿಯಾಗಿ ನಿಂತ ರೋಸ್ಟರ್ ಇದು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ 2ರಿಂದ 6ರವರೆಗೆ ನಿದ್ದೆ. ರಾತ್ರಿ 8ರಿಂದ ಭಾನುವಾರ ಬೆಳಿಗ್ಗೆ 8ರವರೆಗೆ ನೈಟ್. 9ರಿಂದ 1 ನಿದ್ದೆ. 2ರಿಂದ 8 ಈವ್ನಿಂಗ್ ಶಿಫ್ಟ್. ಹತ್ತಕ್ಕೆ ಹಾಸಿಗೆ, ಸೋಮವಾರ ಐದಕ್ಕೆ ಎದ್ದರೆ ಮೊದಲ ಪೀರಿಯಡ್ ಸಿಕ್ಕೇ ಸಿಗುತ್ತದೆ. ಯಾರಿಗೂ ಬೇಡವಾದ ಶಿಫ್ಟ್‌ಗಳೆಂದರೆ ಶನಿವಾರದ ನೈಟ್ ಮತ್ತು ಭಾನುವಾರದ ಈವ್ನಿಂಗ್. 'ಈ ಎರಡನ್ನೂ ವರ್ಷವಿಡೀ ತಪ್ಪದೆ ನಾನೇ ಮಾಡ್ತೀನಿ, ಜೊತೆಗೆ ಯುಗಾದಿ, ಗೌರಿ-ಗಣೇಶ, ದೀಪಾವಳಿಯ ರಾತ್ರಿಗಳೂ ನನ್ನವೇ' ಅಂದರೆ ಯಾವ ನರ್ಸಿಂಗ್ ಸೂಪರಿಂಟೆಂಡೆಂಟೂ ಕುರ್ಚಿ ಎಳೆದು ಕೂರಿಸುತ್ತಾರೆ. ಮಾತನ್ನು ಯಾವ ತಿಂಗಳಲ್ಲಿ ಎತ್ತಬೇಕು, ಮೊದಲು ಯಾರ ಹತ್ತಿರ ಎತ್ತಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತಾದರೆ ಕೆಲಸ ಮಾಡುವುದಿಲ್ಲ.

ಇದು ನಡೆಯಲು ಎರಡು ಷರತ್ತು. ಆಸ್ಪತ್ರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಕಾಲೇಜು ದೂರವಿದ್ದರೂ ಪರವಾಗಿಲ್ಲ, ಬಸ್ಸಿನಲ್ಲಿ ಓದಬಹುದು. ಎರಡನೆಯದು, 24 ಗಂಟೆಯಲ್ಲಿ 18 ಗಂಟೆ ಡ್ಯೂಟಿ ಆಗುವುದರಿಂದ ಐಸಿಯು ಬೇಡ, ಜನರಲ್ ವಾರ್ಡ್ ಅಥವಾ ಬಾಣಂತಿಯರ ಪೋಸ್ಟ್‌ನೇಟಲ್ ಕೇಳಿ. ಒಂದು ಎಚ್ಚರಿಕೆ: ಸಂಬಳದ ಡ್ಯೂಟಿಯಲ್ಲಿ ಮಾಡಿದ ಹೆರಿಗೆಯಾಗಲಿ ಪ್ರೊಸೀಜರ್ ಆಗಲಿ ಕೋರ್ಸಿನ ಲಾಗ್ ಬುಕ್ಕಿಗೆ ಲೆಕ್ಕವಿಲ್ಲ. ಪೋಸ್ಟಿಂಗ್ ಗಂಟೆಯಲ್ಲಿ, ಅಲ್ಲಿನವರ ಸಹಿಯೊಂದಿಗೆ ಮಾಡಿದ್ದಕ್ಕೆ ಮಾತ್ರ ಬೆಲೆ.

ದುಡ್ಡಿನ ವಿಷಯ. ಫೀಸಷ್ಟೇ ಖರ್ಚು ಅಂದುಕೊಂಡು ಸೇರುವವರು ಆರನೇ ತಿಂಗಳಿಗೆ ಕುಸಿಯುತ್ತಾರೆ. ನನ್ನ ಫೀಸು ವರ್ಷಕ್ಕೆ 75 ಸಾವಿರದ ಆಸುಪಾಸು, ಎರಡು ವರ್ಷಕ್ಕೆ ಒಂದೂವರೆ ಲಕ್ಷ. ಪೂರ್ಣಾವಧಿಯಲ್ಲಿ ತಿಂಗಳಿಗೆ 19 ಸಾವಿರ ಬರುತ್ತಿದ್ದದ್ದು ಶಿಫ್ಟ್ ಲೆಕ್ಕದಲ್ಲಿ ಏಳೆಂಟು ಸಾವಿರಕ್ಕೆ ಇಳಿಯಿತು. ನೈಟಿಗೆ ಸಾವಿರ, ಈವ್ನಿಂಗಿಗೆ ಆರುನೂರು, ಹಬ್ಬದ ರಾತ್ರಿಗೆ ಸ್ವಲ್ಪ ಮೇಲೆ. ಅಂದರೆ ತಿಂಗಳಿಗೆ ಹನ್ನೊಂದು ಹನ್ನೆರಡು ಸಾವಿರ ಕೊರತೆ, ಎರಡು ವರ್ಷಕ್ಕೆ ಎರಡೂಮುಕ್ಕಾಲು ಲಕ್ಷ. ಕೋರ್ಸಿನ ನಿಜವಾದ ಬೆಲೆ ಅದು. ಇದರ ಮೇಲೆ ಚಿಲ್ಲರೆ 40 ಸಾವಿರ: ಎರಡು ಬಗೆಯ ಯೂನಿಫಾರ್ಮ್, ಪರೀಕ್ಷಾ ಶುಲ್ಕ, ಪ್ರಾಜೆಕ್ಟ್ ಬೈಂಡಿಂಗ್, ಚಾರ್ಟ್, ಹೊರಗಿನ ಆಸ್ಪತ್ರೆಯ ಪೋಸ್ಟಿಂಗ್‌ಗೆ ಬೇರೆಯಾಗಿ ಕೀಳುವ ಅಫಿಲಿಯೇಷನ್ ಶುಲ್ಕ. ಸೇರುವಾಗಲೇ ಎರಡೂ ವರ್ಷದ್ದು ಸೇರಿ ಒಟ್ಟು ಎಷ್ಟು, ಎಷ್ಟು ಕಂತು ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಅಡ್ಮಿಷನ್ ಆದ ಮೇಲೆ ಯಾರೂ ಕಿವಿಗೊಡುವುದಿಲ್ಲ.

ಕೊರತೆ ತುಂಬಿದ್ದು ಚೀಟಿಯಿಂದ. ಮೊದಲ ತಿಂಗಳುಗಳಲ್ಲಿ ಕೂಗಿದರೆ ಕಳೆದುಕೊಳ್ಳುವುದು ಹೆಚ್ಚು, ಅರ್ಧ ದಾಟಿದ ಮೇಲೆ ಕೂಗಿ ಎರಡನೇ ವರ್ಷದ ಫೀಸಿಗೆ ಹೊಂದಿಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ ಉಚಿತ, ಪಾಸಿನ ಸಾವಿರ ಚಿಲ್ಲರೆ ಪ್ರತಿ ತಿಂಗಳೂ ಉಳಿಯುತ್ತದೆ. ಎಸಿ ವಜ್ರ ಹತ್ತಿದರೆ ಉಳಿಯುವುದಿಲ್ಲ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವವರು ಆಧಾರ್ ಯಾವ ಖಾತೆಗೆ ಸೀಡ್ (ಜೋಡಣೆ) ಆಗಿದೆ ಅಂತ ಮೊದಲು ನೋಡಿ. ಕೊನೆಗೆ ಯಾವ ಖಾತೆಗೆ ಸೀಡ್ ಆಗಿದೆಯೋ ಅದಕ್ಕೇ ಹಣ ಹೋಗುತ್ತದೆ, ನೀವು ಮರೆತ ಹಳೇ ಸಂಬಳದ ಖಾತೆಯಾದರೂ ಸರಿ. ಇನ್ನೊಂದು, ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಸಂಬಳ 21 ಸಾವಿರದೊಳಗಿದ್ದವರಿಗೆ ಮನೆಮಂದಿಯ ಚಿಕಿತ್ಸೆಯೆಲ್ಲ ಅದರಲ್ಲೇ. ಸಂಬಳ ಪಟ್ಟಿಯ ರೋಲ್ ಬಿಟ್ಟು ವೋಚರ್ ಪೇಮೆಂಟಿಗೆ ಇಳಿದರೆ ಅದು ಸದ್ದಿಲ್ಲದೆ ಹೋಗುತ್ತದೆ. ಸಾವಿರ ಕಡಿಮೆಯಾದರೂ ಚಿಂತೆಯಿಲ್ಲ, ಪಾರ್ಟ್‌ಟೈಮ್ ಅಂತ ರೋಲ್‌ನಲ್ಲೇ ಹೆಸರು ಉಳಿಸಿಕೊಳ್ಳಿ.

ಮನೆಯಲ್ಲಿ 'ಸ್ವಲ್ಪ ಸಹಾಯ ಮಾಡಿ' ಅನ್ನುವುದು ಹದಿನೈದು ದಿನ ನಡೆಯುತ್ತದೆ. ಕೆಲಸ ಹಂಚಿ, ಹೆಸರು ಬರೆದು, ಫ್ರಿಜ್ಜಿಗೆ ಅಂಟಿಸಿ. ಬೆಳಗಿನ ತಿಂಡಿ, ಡಬ್ಬಿ ಒಬ್ಬರದು, ಪೂರ್ತಿ ಅವರದೇ, ಉಪ್ಪಿಟ್ಟೋ ಚಿತ್ರಾನ್ನವೋ ಅಂತ ನಿಮ್ಮನ್ನು ಕೇಳಬಾರದು. ಟ್ಯೂಷನ್ ಬಿಡಿಸಿದರೂ ಸ್ಕೂಲ್ ವ್ಯಾನ್ ಬಿಡಿಸಬೇಡಿ. 8ಕ್ಕೆ ಪೋಸ್ಟಿಂಗ್, ಎಂಟೂವರೆಗೆ ಸ್ಕೂಲು, ಎರಡೂ ಒಂದೇ ಕಾಲಿನಲ್ಲಿ ಆಗುವುದಿಲ್ಲ. ಭಾನುವಾರ 9ರಿಂದ 1 ಮನೆ ಖಾಲಿ ಇರಬೇಕು. ಮಕ್ಕಳು ಅಪ್ಪನ ಜೊತೆ ಎಲ್ಲಿಗೆ ಹೋದರೂ ಸರಿ.

ಮೊದಲ ವರ್ಷದಲ್ಲಿ ಜೀವ ಹಿಂಡುವುದು ಕೇರ್ ಪ್ಲಾನ್, ಅಂದರೆ ಒಬ್ಬೊಬ್ಬ ರೋಗಿಯ ಆರೈಕೆಯ ಲಿಖಿತ ಯೋಜನೆ. ಮೆಡಿಕಲ್ ಸರ್ಜಿಕಲ್ ಪ್ರಾಕ್ಟಿಕಲ್ 270 ಗಂಟೆ, ಮೆಟರ್ನಲ್ 240, ಚೈಲ್ಡ್ ಹೆಲ್ತ್ 240, ಮೂರರಲ್ಲೂ ಬರಹವೋ ಬರಹ. ಮನೆಗೆ ತಂದರೆ ರಾತ್ರಿ ಹನ್ನೆರಡಾಗುತ್ತದೆ. ನಾನು ಮಾಡಿದ್ದು ಹೀಗೆ: ಒಂದು ಎ4 ಹಾಳೆಯನ್ನು ಮೂರು ಸಲ ಮಡಿಸಿದರೆ ಮುಂದೆ ಹಿಂದೆ ಸೇರಿ ಹದಿನಾರು ಮನೆ, ಏಪ್ರನ್ ಜೇಬಿಗೆ ಸರಿಹೋಗುತ್ತದೆ. ಮೊದಲ ಎರಡು ಮನೆ ವೈಟಲ್ಸ್ (ನಾಡಿ, ಬಿಪಿ, ಜ್ವರ), ಆಮೇಲೆ ರೋಗಿ ಹೇಳಿದ್ದು ಅವರ ಮಾತಲ್ಲೇ, ನಾವು ಕಂಡದ್ದು, ಡಯಾಗ್ನೋಸಿಸ್, ಗುರಿ, ಇಂಟರ್ವೆನ್ಷನ್ (ಮಾಡುವ ಆರೈಕೆ), ಅದರ ಎದುರಿಗೇ ಅದಕ್ಕೆ ಕಾರಣ ಹೇಳುವ ರ‍್ಯಾಷನೇಲ್. ಕೊನೆಯ ನಾಲ್ಕು ಮನೆ ಇನ್‌ಟೇಕ್-ಔಟ್‌ಪುಟ್ ಮತ್ತು ಔಷಧಿ. ಹಾಸಿಗೆ ಪಕ್ಕದಲ್ಲೇ ತುಂಬಿಸಿ, ಊಟದ ಬಿಡುವಿನಲ್ಲಿ ಪುಸ್ತಕಕ್ಕೆ ಇಳಿಸಿದರೆ ಮುಗಿಯಿತು. ಗುರಿಯಲ್ಲಿ 'ನೋವು ಕಡಿಮೆಯಾಗುವುದು' ಅಂತ ಬರೆದರೆ ಅಂಕ ಹೋಗುತ್ತದೆ. 'ಎರಡು ಗಂಟೆಯೊಳಗೆ ನೋವಿನ ಸ್ಕೋರ್ 7ರಿಂದ 4ಕ್ಕೆ' ಅಂತ ಬರೆದು, ಇವ್ಯಾಲ್ಯುಯೇಷನ್‌ನಲ್ಲಿ ಆಗ ನಿಜಕ್ಕೂ ಇದ್ದ ಸ್ಕೋರನ್ನೇ ಹಾಕಬೇಕು. 5 ಇದ್ದರೆ 5, ಗುರಿ ಭಾಗಶಃ ಮುಟ್ಟಿತು ಅಂತ ಬರೆಯಿರಿ. ಎಲ್ಲ ಪುಟದಲ್ಲೂ ಗುರಿ ಪೂರ್ತಿ ಮುಟ್ಟಿದ್ದರೆ ಸೀನಿಯರ್ ಪುಸ್ತಕದಿಂದ ಇಳಿಸಿದ್ದು ಅಂತ ಎಕ್ಸಾಮಿನರ್‌ಗೆ ಅಲ್ಲೇ ಗೊತ್ತಾಗುತ್ತದೆ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಕನ್ನಡ ಮೀಡಿಯಂನಿಂದ ಬಂದವರಿಗೆ ಸೈಕಾಲಜಿಯ ಡಿಫೆನ್ಸ್ ಮೆಕ್ಯಾನಿಸಂಗಳು ಬಾಯಿಪಾಠಕ್ಕೆ ಕೂರುವುದಿಲ್ಲ. ನನ್ನದೇ ದನಿಯಲ್ಲಿ, ಕನ್ನಡದಲ್ಲಿ ವಿವರಿಸಿ ಕೊನೆಗೆ ಇಂಗ್ಲಿಷ್ ವ್ಯಾಖ್ಯೆ ಸೇರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದೆ. ಸೈಕಾಲಜಿ, ಮೈಕ್ರೋಬಯಾಲಜಿಗೆ ಚೆನ್ನಾಗಿ ಫಲ ಕೊಟ್ಟಿತು. ಚಿತ್ರ ಬಿಡಿಸಬೇಕಾದ ಬಯೋಕೆಮಿಸ್ಟ್ರಿ ಸೈಕಲ್‌ಗಳಿಗೆ ಏನೂ ಪ್ರಯೋಜನವಿಲ್ಲ. ನಿದ್ದೆಯನ್ನು ಎರಡು ತುಂಡು ಮಾಡಿ ರಾತ್ರಿ 2ರಿಂದ 4 ಓದುವುದು ಪರೀಕ್ಷೆಯ ರಜೆಯಲ್ಲಿ ಮಾತ್ರ ಸರಿ. ಬಯೋಕೆಮಿಸ್ಟ್ರಿಗೆ ಇನ್ನೊಂದು ಉಪಾಯ ಇತ್ತು, ಅದು ನಮ್ಮ ಬ್ಯಾಚಿನವರ ಆಸ್ತಿ.

ಎರಡನೇ ವರ್ಷ ಓದು ಹಗುರ, ಓಡಾಟ ಜಾಸ್ತಿ. ಮೆಂಟಲ್ ಹೆಲ್ತ್ 240 ಗಂಟೆಗೆ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಕಳಿಸಿದರೆ ದಿನಾಂಕ ನಿರ್ಧರಿಸುವುದು ಅವರು, ನಿಮ್ಮ ಕಾಲೇಜಲ್ಲ. ಅಲ್ಲಿನ ಪ್ರೋಸೆಸ್ ರೆಕಾರ್ಡಿಂಗ್ ರೋಗಿಯೊಂದಿಗಿನ ಮಾತುಕತೆಯ ಪದಶಃ ದಾಖಲೆ. ಒಂದು ಗಂಟೆಯೊಳಗೆ ಬರೆಯದಿದ್ದರೆ ನಿಮ್ಮ ಮಾತು ನೆನಪಿರುತ್ತದೆ, ಅವರ ಮಾತು ಹಾರಿಹೋಗಿರುತ್ತದೆ. ಕಮ್ಯುನಿಟಿ 240 ಗಂಟೆಯಲ್ಲಿ ಹಳ್ಳಿ ಪೋಸ್ಟಿಂಗ್ ಬಂದರೆ ಶನಿವಾರವೂ ಸಿಗುವುದಿಲ್ಲ. ಆ ವಾರಗಳಿಗೆ ಶಿಫ್ಟ್ ಬದಲಿಸಿಕೊಳ್ಳುವ ಗೆಳತಿಯನ್ನು ಮೊದಲೇ ಹುಡುಕಿ, ಅವಳ ದೀಪಾವಳಿಯನ್ನು ನೀವು ತೆಗೆದುಕೊಳ್ಳಿ. ಅಡ್ಮಿನಿಸ್ಟ್ರೇಷನ್ ಮಾತ್ರ ನಮ್ಮಂಥವರಿಗೆ ಪುಕ್ಕಟೆ ಅಂಕ. ಡ್ಯೂಟಿ ರೋಸ್ಟರ್, ಇಂಡೆಂಟ್ (ಸಾಮಾನಿನ ಬೇಡಿಕೆ ಪಟ್ಟಿ), ಇನ್ವೆಂಟರಿ ಇವನ್ನೆಲ್ಲ ಹತ್ತು ವರ್ಷದಿಂದ ಮಾಡಿರುತ್ತೇವೆ. ರಿಸರ್ಚ್ ಪ್ರಾಜೆಕ್ಟಿಗೆ ಮಾಹಿತಿ ಸಂಗ್ರಹ ಎರಡು ದಿನದ ಕೆಲಸ, ಎಥಿಕ್ಸ್ ಸಮಿತಿಯ ಮತ್ತು ಆಸ್ಪತ್ರೆಯ ಅನುಮತಿ ಪತ್ರ ಎರಡು ತಿಂಗಳದ್ದು. ವಿಷಯ ಅಂತಿಮವಾಗುವ ಮೊದಲೇ ಅರ್ಜಿಯ ನಮೂನೆ ತಂದಿಟ್ಟುಕೊಳ್ಳಿ.

ಫಲಿತಾಂಶ ಬಂದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಚ್ಚುವರಿ ಅರ್ಹತೆ ನೋಂದಣಿ ಮಾಡಿಸಬೇಕು. ಎಷ್ಟೋ ಜನ ಇದನ್ನು ಬಿಟ್ಟು ಇನ್‌ಕ್ರಿಮೆಂಟ್ ಕೇಳುವಾಗ ಪೇಚಾಡುತ್ತಾರೆ. ಎಂ.ಎಸ್ಸಿ. ನರ್ಸಿಂಗ್‌ಗೆ ಕೇಳುವ ಒಂದು ವರ್ಷದ ಅನುಭವ ಪೋಸ್ಟ್ ಬೇಸಿಕ್‌ಗೆ ಮೊದಲಿನದಾದರೂ ನಡೆಯುತ್ತದೆ, ಹಾಗಾಗಿ ಹಳೇ ಆಸ್ಪತ್ರೆಯ ಸರ್ಟಿಫಿಕೇಟನ್ನು ಪೂರ್ಣಾವಧಿ ಬಿಡುವ ದಿನವೇ ಬರೆಸಿಕೊಳ್ಳಿ. ಸೂಪರಿಂಟೆಂಡೆಂಟ್ ಬದಲಾದ ಮೇಲೆ ಹೋದರೆ ರಿಜಿಸ್ಟರ್ ಹುಡುಕಿಸುವುದರಲ್ಲೇ ಅರ್ಜಿಯ ಕೊನೆಯ ದಿನಾಂಕ ದಾಟಿರುತ್ತದೆ.