ಮೇ 1ರ ಸಭೆಯ ಊಟ: ದುಡಿಯುವವರು ಮೊದಲು ಕೂಡ್ರಲಿ

ಮೇ 1 ಬಂತಂದ್ರೆ ಆಫೀಸಿಗೆ ರಜೆ, ಶಾಲೆಗೆ ಸೂಟಿ, ಬಜಾರಿನ ತುಂಬ ಆಪೂಸ ಮಾವಿನಹಣ್ಣು. ಚರ್ಚಿನ ಸಭೆಯವರೆಲ್ಲ ಸೇರಿ ಉಣ್ಣಲು ಬೇಸಿಗೆಯಲ್ಲಿ ಇದಕ್ಕಿಂತ ಒಳ್ಳೆಯ ದಿನ ಇಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಇವತ್ತಿಗೂ ಹುಬ್ಬಳ್ಳಿಯ ನಮ್ಮ ಸಭೆಯಲ್ಲಿ ರೈಲ್ವೆ ವರ್ಕ್‌ಶಾಪಿನವರು, ನರ್ಸ್‌ಗಳು, ಶಿಕ್ಷಕರು, ಮನೆಗೆಲಸದವರು ಇದ್ದಾರೆ. ಕಾರ್ಮಿಕರ ದಿನ ಅಂದ್ರೆ ಇವರ ದಿನವೇ ಅಲ್ವಾ?

ಹಾಗಾಗಿ ಅಡುಗೆಗಿಂತ ಮೊದಲು ಒಂದು ಮಾತು ನಿರ್ಧಾರ ಆಗಲಿ. ಮೊದಲ ಪಂಕ್ತಿಯಲ್ಲಿ ದೇವಾಲಯ ಗುಡಿಸುವವರು, ವಾಚ್‌ಮನ್, ಪ್ರತಿ ಸಲ ಹಿಂದೆ ನಿಂತು ಅಡುಗೆ ಮಾಡುವ ಅಕ್ಕಂದಿರು ಕೂಡ್ರಬೇಕು. ಬಡಿಸುವವರು ಅಯ್ಯನವರು (ಪಾಸ್ಟರ್), ಕಮಿಟಿಯವರು ಮತ್ತು ಯುವಕರು. ಇದನ್ನು ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಹೇಳಿಬಿಡಿ. ಸುಮ್ನೆ ಬಿಟ್ಟರೆ ಅಕ್ಕಂದಿರು ಮತ್ತೆ ಒಲೆ ಮುಂದೆಯೇ ಉಳಿಯುತ್ತಾರೆ.

ಅದಕ್ಕೇ ಊಟಕ್ಕೆ ಮೊದಲೇ ಮಾಡಿಡಬಹುದಾದದ್ದನ್ನು ಆರಿಸಿಕೊಳ್ಳಿ. ಬಿಸಿ ರೊಟ್ಟಿ ಬೇಡ, ಖಡಕ್ ರೊಟ್ಟಿ ಇರಲಿ. ಎರಡು ದಿನ ಮೊದಲು ತಟ್ಟಿಟ್ಟರೂ ಕೆಡುವುದಿಲ್ಲ. ನೂರು ಜನಕ್ಕೆ 250 ರೊಟ್ಟಿ ಸಾಕು. ಕೈ ಸಾಲದಿದ್ದರೆ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಮೊದಲೇ ಹೇಳಿ, ಅವರು ಕೇಳಿದ ದರ ಕೊಡಿ. ಅವತ್ತಿನ ಊಟಕ್ಕಂತೂ ಚೌಕಾಸಿ ಮಾಡಬೇಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ವಾರದ ಮೊದಲೇ ಕುಟ್ಟಿಡಬಹುದು.

ಎಣ್ಣೆಗಾಯಿಗೆ ಮಾತ್ರ ಬೆಳಿಗ್ಗೆ ಐದಕ್ಕೇ ಒಲೆ ಹಚ್ಚಬೇಕು. ನೂರು ಜನಕ್ಕೆ ಹತ್ತು ಕೆಜಿ ಸಣ್ಣ ಬದನೆಕಾಯಿ ತನ್ನಿ. ತೊಟ್ಟು ಬಿಟ್ಟು ನಾಲ್ಕಾಗಿ ಸೀಳಿ ಉಪ್ಪುನೀರಿಗೆ ಹಾಕಿ. ಶೇಂಗಾ, ಎಳ್ಳು, ಗುರೆಳ್ಳು ಬೇರೆ ಬೇರೆ ಹುರಿಯಿರಿ. ಗುರೆಳ್ಳು ಚಟಪಟ ಅನ್ನಲು ಶುರುವಾದ ಕೂಡಲೇ ಇಳಿಸಬೇಕು, ಸ್ವಲ್ಪ ಹೆಚ್ಚಾದರೂ ಕಹಿ. ಹಸಿ ತೆಂಗಿನಕಾಯಿ ಈ ಬಿಸಿಲಿಗೆ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ, ಒಣಕೊಬ್ಬರಿ ಹಾಕಿ. ಇವೆಲ್ಲವನ್ನೂ ತರಿತರಿಯಾಗಿ ಪುಡಿ ಮಾಡಿ, ಬ್ಯಾಡಗಿ ಖಾರ, ಮಸಾಲಿ ಪುಡಿ, ಹುಣಸೆಹುಳಿ, ಬೆಲ್ಲ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಒತ್ತಿ ತುಂಬಿ. ಎಣ್ಣೆಗೆ ಜಿಪುಣತನ ಬೇಡ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಸೌಟು ಹಾಕಿ ತಿರುವಿದರೆ ಕಾಯಿ ಒಡೆಯುತ್ತದೆ, ಪಾತ್ರೆಯನ್ನೇ ಹಿಡಿದು ಅಲುಗಾಡಿಸಿ. ಎಣ್ಣೆ ಮೇಲೆ ಬಂದರೆ ಆಯಿತು. ಎಂಟಕ್ಕೆ ಒಲೆ ಆರಿಸಿ, ಅಡುಗೆಯವರು ಸ್ನಾನ ಮಾಡಿ ಆರಾಧನೆಗೆ ಬರಬಹುದು.

ಹೆಸರುಕಾಳಿನ ಪಚಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಅನ್ನ-ಸಾರು ಇದ್ದರೆ ಊಟ ತುಂಬಿತು. ಸಿಹಿಗೆ ಸೀಕರಣೆ. ಹಣ್ಣು ಹಿಂಡಿ, ಬೆಲ್ಲ, ಏಲಕ್ಕಿ ಹಾಕಿ ಮಂಜುಗಡ್ಡೆಯ ಮೇಲಿಡಿ. ಹಾಲು ಬಡಿಸುವ ಹೊತ್ತಿಗೆ ಬೆರೆಸಿ, ಮೊದಲೇ ಬೆರೆಸಿದರೆ ಒಡೆಯಬಹುದು. ಮಜ್ಜಿಗೆ ಮಣ್ಣಿನ ಹರವಿಯಲ್ಲಿರಲಿ, ಬಂದವರಿಗೆಲ್ಲ ಮೊದಲು ಅದನ್ನೇ ಕೊಡಿ.

ಆರಾಧನೆ ಒಂಬತ್ತಕ್ಕೆ ಇಟ್ಟುಕೊಂಡರೆ ಬಿಸಿಲು ಏರುವುದರೊಳಗೆ ಮುಗಿಯುತ್ತದೆ. ಬೈಬಲಿನ 90ನೇ ಕೀರ್ತನೆ ಓದಿಸಿ, ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಎಂಬ ಬೇಡಿಕೆ ಅದರ ಕೊನೆಯಲ್ಲಿದೆ. ನಮ್ಮ ದೇಶದಲ್ಲಿ ಮೇ ದಿನ ಮೊದಲು ನಡೆದದ್ದು 1923ರಲ್ಲಿ, ಮದ್ರಾಸಿನಲ್ಲಿ, ಕಾರ್ಮಿಕ ನಾಯಕ ಸಿಂಗಾರವೇಲರ್ ಮುಂದಾಳತ್ವದಲ್ಲಿ. ಅದನ್ನು ಸಂಡೇ ಸ್ಕೂಲಿನ ಮಕ್ಕಳಿಂದ ಹೇಳಿಸಿ. ಭಾಷಣ ಬೇಡ. ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಅಜ್ಜ ತಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಲಿ, ಮಕ್ಕಳು ಪ್ರಶ್ನೆ ಕೇಳಲಿ.

ಶಾಮಿಯಾನ ಗಟ್ಟಿಯಾಗಿ ಕಟ್ಟಿಸಿ. ಈ ತಿಂಗಳಲ್ಲಿ ಮಧ್ಯಾಹ್ನ ಉರಿಬಿಸಿಲಿದ್ದರೂ ಸಂಜೆ ಗುಡುಗು, ಗಾಳಿ, ಮಳೆ ಬರುವುದುಂಟು. ಪಾತ್ರೆ ತಿಕ್ಕುವ ಪಾಳಿ ಗಂಡಸರದ್ದು, ಹೆಸರು ಬರೆದು ಗೋಡೆಗೆ ಅಂಟಿಸಿ.

ರಜೆಯ ದಿನವೂ ಆಸ್ಪತ್ರೆ ನಡೆಯುತ್ತದೆ, ರೈಲು ಓಡುತ್ತದೆ. ಡ್ಯೂಟಿಯಲ್ಲಿರುವ ಸಭೆಯವರ ಪಟ್ಟಿ ಮೊದಲೇ ಮಾಡಿ, ಪಂಕ್ತಿ ಹಾಕುವ ಮುಂಚೆ ಅವರ ಬುತ್ತಿ ಕಟ್ಟಿ, ಹುಡುಗರ ಕೈಯಲ್ಲಿ ಬೈಕಿನ ಮೇಲೆ ಕಳಿಸಿಕೊಡಿ. ಸೀಕರಣೆ ಬೇರೆ ಡಬ್ಬಿಯಲ್ಲಿ.