ಹಾಟ್‌ಸ್ಪಾಟ್‌ನಲ್ಲಿ ಫೋಟೋ ಬ್ಯಾಕಪ್ ನಿಂತೋದ್ರೆ ಎಲ್ಲೆಲ್ಲಿ ನೋಡ್ಬೇಕು: ನನ್ನ ಅನುಭವ

ಹಾಟ್‌ಸ್ಪಾಟ್ ಹಾಕಿದ್ರೂ ಫೋಟೋ ಕ್ಲೌಡ್‌ಗೆ ಹೋಗ್ತಿಲ್ಲ ಅಂದ ತಕ್ಷಣ ಎಲ್ರೂ ಹೇಳೋದು ಒಂದೇ, "ನೆಟ್ ಸ್ಲೋ ಇದೆ ಬಿಡಿ". ನಾನು ನೋಡಿರೋ ಹಾಗೆ ಮುಕ್ಕಾಲು ಪಾಲು ಸಲ ಕಾರಣ ಅದಲ್ವೇ ಅಲ್ಲ, ಫೋನು ಇಲ್ಲಾ ಲ್ಯಾಪ್‌ಟಾಪು ಬೇಕಂತಲೇ ಅಪ್‌ಲೋಡ್ ತಡೆದು ಇಟ್ಕೊಂಡಿರುತ್ತೆ. ಅದು ಎಲ್ಲಿ ತಡೀತಿದೆ ಅಂತ ಗೊತ್ತಾಗೋವರೆಗೂ ನೀವು ಹಾಟ್‌ಸ್ಪಾಟ್ ಆಫ್ ಆನ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ, ಸಿಮ್ ತೆಗೆದು ಹಾಕಿ, ಏನ್ ಮಾಡಿದ್ರೂ ಪ್ರಯೋಜನ ಇಲ್ಲ.

ನಮ್ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಸುಮಾರು ಒಳಗಡೆ, ಮಳೆಗಾಲದಲ್ಲಿ ಕೇಬಲ್ ಮೇಲೆ ಮರ ಬೀಳೋ ಕಡೆ, ಹಾಗಾಗಿ ಮೊಬೈಲ್ ನೆಟ್ ಒಂದೇ ಗತಿ. ಸುತ್ತಮುತ್ತ ಉಪನಯನ, ಗೃಹಪ್ರವೇಶ, ಸೀಮಂತ ಅಂತ ಫೋಟೋ ತೆಗೆಯೋ ಕೆಲಸ ನಂದು. ಇನ್ನೊಬ್ಬರ ಮನೆ ಸಮಾರಂಭದ ಫೋಟೋ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಕೊಂಡು ನಿದ್ದೆ ಮಾಡೋಕೆ ನಂಗಾಗಲ್ಲ, ಅದಕ್ಕೇ ಕ್ಯಾಮೆರಾ ಫೋಟೋ ಲ್ಯಾಪ್‌ಟಾಪಿಂದ ಒನ್‌ಡ್ರೈವ್‌ಗೆ, ಫೋನಿನ ಫೋಟೋ ಗೂಗಲ್ ಫೋಟೋಸ್‌ಗೆ, ಎರಡೂ ಒಂದು ಹಳೇ ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್ ಮೇಲೆ. ಈಗ ಊರಲ್ಲಿ ಯಾರದ್ದೇ ಬ್ಯಾಕಪ್ ನಿಂತ್ರೂ ನಮ್ಮನೆಗೆ ಬರ್ತಾರೆ, ಅವರಿಗೆಲ್ಲ ಹೇಳ್ತಾ ಬಂದಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದಲು ನಾನು ಮಾಡೋದು ಫೋಟೋ ಹೋಗದೇ ನಿಂತಿರೋ ಫೋನಲ್ಲಿ, ಅದೇ ಹಾಟ್‌ಸ್ಪಾಟ್ ಮೇಲೆ, ಬ್ರೌಸರ್ ತೆಗೆದು ಯಾವುದಾದ್ರೂ ಒಂದು ಪೇಜ್ ನೋಡೋದು. ಅದು ತೆರೀತು ಅಂದ್ರೆ ನೆಟ್ ಇದೆ. ಆಮೇಲೆ ಗೂಗಲ್ ಫೋಟೋಸ್‌ನಲ್ಲಿ ಮೇಲೆ ಬಲಗಡೆ ನಮ್ಮ ಪ್ರೊಫೈಲ್ ಚಿತ್ರ ಒತ್ತಿದ್ರೆ ಬ್ಯಾಕಪ್ ಯಾಕೆ ನಿಂತಿದೆ ಅಂತ ಅದೇ ಹೇಳುತ್ತೆ, ಜನ ಅದನ್ನ ಓದೋದೇ ಇಲ್ಲ. ಅಲ್ಲಿ ವೈಫೈಗೆ ಕಾಯ್ತಿದೀನಿ ಅನ್ನೋ ಥರ ಬರೆದಿರುತ್ತೆ. ಮೇಲೆ ನೋಡಿದ್ರೆ ವೈಫೈ ಗುರುತು ಪೂರ್ತಿ ತುಂಬಿದೆ, ಕೆಳಗೆ ವೈಫೈಗೆ ಕಾಯ್ತಿದೀನಿ ಅಂತಿದೆ, ಇದೇನಪ್ಪಾ ಅಂತ ತಲೆ ಕೆಡೋದೇ ಇಲ್ಲಿ.

ವಿಷಯ ಇಷ್ಟೇ. ಆಂಡ್ರಾಯ್ಡ್ ಫೋನು ಹಾಟ್‌ಸ್ಪಾಟ್ ಕೊಡುವಾಗ ಕನೆಕ್ಟ್ ಆಗೋ ಸಾಧನಕ್ಕೆ ಐಪಿ ವಿಳಾಸದ ಜೊತೆ ಇನ್ನೊಂದು ಸಣ್ಣ ಗುರುತನ್ನೂ ಕಳಿಸುತ್ತೆ, ಇದು ಮೀಟರ್ಡ್ ನೆಟ್, ಅಂದ್ರೆ ಲೆಕ್ಕದ ಡೇಟಾ, ನೋಡ್ಕೊಂಡು ಖರ್ಚು ಮಾಡು ಅಂತ. ಈ ಕಡೆಯ ಆಂಡ್ರಾಯ್ಡ್ ಫೋನು ಆ ಗುರುತು ನೋಡಿ ಇದು ಹೆಸರಿಗೆ ವೈಫೈ ಆದ್ರೂ ಮೊಬೈಲ್ ಡೇಟಾನೇ ಅಂತ ತಿಳ್ಕೊಳ್ಳುತ್ತೆ, ಬ್ಯಾಕಪ್, ಆ್ಯಪ್ ಅಪ್‌ಡೇಟ್ ಥರದ ದೊಡ್ಡ ಕೆಲಸಗಳನ್ನ ನಿಲ್ಲಿಸಿಬಿಡುತ್ತೆ. ಇದು ಕೆಟ್ಟದ್ದಕ್ಕೆ ಮಾಡಿದ್ದಲ್ಲ, ನಮ್ಮ ಡೇಟಾ ಉಳಿಯಲಿ ಅಂತಲೇ ಮಾಡಿರೋದು, ಆದ್ರೆ ಬೇರೆ ನೆಟ್ಟೇ ಇಲ್ಲದ ನಮ್ಮಂಥೋರಿಗೆ ಬ್ಯಾಕಪ್ ಯಾವತ್ತೂ ಆಗದೇ ಇರೋ ಹಾಗೆ ಆಗುತ್ತೆ.

ಇದನ್ನ ಬದಲಾಯಿಸೋಕೆ ಅಪ್‌ಲೋಡ್ ಮಾಡೋ ಫೋನಲ್ಲಿ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ ಹಾಟ್‌ಸ್ಪಾಟ್ ಹೆಸರಿನ ಪಕ್ಕದ ಗೇರ್ ಗುರುತು ಒತ್ತಿ, ಅಲ್ಲಿ ನೆಟ್‌ವರ್ಕ್ ಯೂಸೇಜ್ ಅಂತಲೋ ಮೀಟರ್ಡ್ ಅಂತಲೋ ಒಂದು ಸಾಲು ಇರುತ್ತೆ (ಕೆಲವು ಫೋನಲ್ಲಿ ವ್ಯೂ ಮೋರ್ ಒಳಗೆ ಅಡಗಿರುತ್ತೆ). ಅದು ತಾನೇ ಪತ್ತೆ ಹಚ್ಚೋ ಆಯ್ಕೆಯಲ್ಲಿ ಇರುತ್ತೆ, ಅದನ್ನ ಅನ್‌ಮೀಟರ್ಡ್ ಅಂತ ಮಾಡ್ಬೇಕು. ನಮ್ಮ ಅತ್ತಿಗೆ ಫೋನಲ್ಲಿ ಇದೊಂದು ಬದಲಾಯಿಸಿದ್ದಕ್ಕೆ ತಿಂಗಳುಗಟ್ಟಲೆ ಕೂತಿದ್ದ ಫೋಟೋ ಎಲ್ಲ ಹೊರಡೋಕೆ ಶುರು ಆಯ್ತು, "ಇಷ್ಟೇನಾ?" ಅಂದ್ರು ಅವರು. ಇದರ ಬದಲು ಗೂಗಲ್ ಫೋಟೋಸ್ ಒಳಗೇ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಬಳಕೆ ಅಂತ ಇದೆ, ಅಲ್ಲಿ ದಿನಕ್ಕೆ 5, 10, 30 ಎಂಬಿ ಇಲ್ಲಾ ಅನ್‌ಲಿಮಿಟೆಡ್ ಅಂತ ಆರಿಸ್ಕೋಬಹುದು, ವಿಡಿಯೋಗೆ ಬೇರೆ ಸ್ವಿಚ್ಚು. 30 ಎಂಬಿ ಅಂದ್ರೆ ಈಗಿನ ಫೋನಲ್ಲಿ ಏಳೆಂಟು ಫೋಟೋ, ಅದು ಸಾಕಾಗಲ್ಲ. ನಂಗೆ ವೈಫೈ ಕಡೆಯಿಂದ ಬದಲಾಯಿಸೋದೇ ಇಷ್ಟ, ಯಾಕಂದ್ರೆ ಅದು ಆ ಒಂದು ಹಾಟ್‌ಸ್ಪಾಟ್‌ಗೆ ಮಾತ್ರ ಅನ್ವಯ, ದಾರೀಲಿ ಹೋಗುವಾಗ ಫೋನಿನ ಸ್ವಂತ ಸಿಮ್ ಡೇಟಾ ಸುರಕ್ಷಿತವಾಗಿರುತ್ತೆ.

ಐಫೋನ್‌ದು ಬೇರೆ ದಾರಿ. ತಂಗಿ ಬೆಂಗಳೂರಿಂದ ಬಂದಾಗ ಅವಳ ಐಫೋನ್ ನಮ್ಮ ಹಾಟ್‌ಸ್ಪಾಟ್‌ಗೆ ಹಾಕ್ಕೊಂಡ್ರೆ ಐಕ್ಲೌಡ್ ಮುಂದೆ ಹೋಗ್ತಾನೇ ಇರಲಿಲ್ಲ. ಅಲ್ಲಿ ನೋಡ್ಬೇಕಾದ್ದು ಎರಡು: ವೈಫೈ ಹೆಸರಿನ ಪಕ್ಕದ ಐ ಗುರುತು ಒತ್ತಿದ್ರೆ ಸಿಗೋ ಲೋ ಡೇಟಾ ಮೋಡ್, ಮತ್ತೆ ಬ್ಯಾಟರಿಯ ಲೋ ಪವರ್ ಮೋಡ್. ಎರಡರಲ್ಲಿ ಯಾವುದು ಆನ್ ಇದ್ರೂ ಐಕ್ಲೌಡ್ ಫೋಟೋಸ್ ನಿಲ್ಲುತ್ತೆ. ತಂಗಿ ಫೋನಲ್ಲಿ ಬ್ಯಾಟರಿ ಐಕಾನ್ ಹಳದಿ ಇತ್ತು, ಅಂದ್ರೆ ಲೋ ಪವರ್ ಆನ್, ಅಷ್ಟೇ ಕಾರಣ. ಕರೆಂಟ್ ಹೋಗಿ ಬರೋ ಊರಲ್ಲಿ ಎಲ್ರೂ ಲೋ ಪವರ್ ಹಾಕ್ಕೊಂಡೇ ಇರ್ತಾರೆ, ಹಾಗಾಗಿ ಈ ಕಾರಣ ನಮ್ಮ ಕಡೆ ಜಾಸ್ತಿ.

ಲ್ಯಾಪ್‌ಟಾಪಲ್ಲೂ ಇದೇ ಕಥೆ. ವಿಂಡೋಸ್ ಅಪ್‌ಡೇಟ್ ಇದ್ದ ಡೇಟಾ ಎಲ್ಲ ತಿಂದುಹಾಕ್ಬಾರ್ದು ಅಂತ ಹಾಟ್‌ಸ್ಪಾಟನ್ನ ಮೀಟರ್ಡ್ ಅಂತ ಇಡೋದು ಮಾಮೂಲಿ, ಹಾಗೆ ಇಟ್ಟಾಗ ಒನ್‌ಡ್ರೈವ್ ಸಿಂಕ್ ಕೂಡ ತಾನಾಗೇ ನಿಲ್ಲುತ್ತೆ. ಇದಕ್ಕೆ ಮೀಟರ್ಡ್ ತೆಗಿಯೋ ಅಗತ್ಯ ಇಲ್ಲ, ತೆಗೆದ್ರೆ ಅಪ್‌ಡೇಟ್ ಶುರು ಆಗುತ್ತೆ. ಒನ್‌ಡ್ರೈವ್ ಸೆಟ್ಟಿಂಗ್ಸ್ ಒಳಗೇ ಮೀಟರ್ಡ್ ನೆಟ್‌ವರ್ಕ್‌ನಲ್ಲಿ ಸಿಂಕ್ ನಿಲ್ಲಿಸು ಅನ್ನೋ ಸ್ವಿಚ್ ಇದೆ, ಅದೊಂದನ್ನ ಆಫ್ ಮಾಡಿದ್ರೆ ಫೋಟೋ ಹೋಗುತ್ತೆ, ಅಪ್‌ಡೇಟ್ ಮಾತ್ರ ಕಾಯ್ತಾ ಇರುತ್ತೆ. ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡೋರು (ಫೋನಿನ ನೆಟ್ ಲ್ಯಾಪ್‌ಟಾಪಿಗೆ ಕೊಡೋರು) ಒಂದು ನೆನಪಿಡಿ, ವಿಂಡೋಸ್ ಅದನ್ನ ಈಥರ್‌ನೆಟ್, ಅಂದ್ರೆ ತಂತಿಯ ನೆಟ್, ಅಂದ್ಕೊಳ್ಳುತ್ತೆ, ನಾವಾಗೇ ಮೀಟರ್ಡ್ ಅಂತ ಹೇಳ್ದಿದ್ರೆ ಮಿತಿ ಇಲ್ಲದ ನೆಟ್ ಅಂತಲೇ ಬಳಸುತ್ತೆ. ಕೇಬಲ್‌ನಲ್ಲಿ ಅಪ್‌ಲೋಡ್ ನಡುವೆ ಕಡಿದು ಹೋಗದೆ ಸಾಗುತ್ತೆ ಅನ್ನೋದು ನಿಜ, ಆದ್ರೆ ಮೊದಲು ಈಥರ್‌ನೆಟ್ ಸೆಟ್ಟಿಂಗಲ್ಲಿ ಮೀಟರ್ಡ್ ಆನ್ ಮಾಡಿ ಆಮೇಲೆ ಬಿಡಿ.

ಈ ತಡೆ ಎಲ್ಲ ತೆಗೆದ ಮೇಲೂ ಆಮೆಗತೀಲಿ ಹೋಗ್ತಿದ್ರೆ ಆಗ ನೆಟ್ ನೋಡೋ ಹೊತ್ತು, ಅದರಲ್ಲೂ ಅಪ್‌ಲೋಡ್ ಕಡೆ. ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡ್ 20 ಬಂತು ಅಂತ ಖುಷಿ ಪಡೋರು ಕೆಳಗಿನ ಅಪ್‌ಲೋಡ್ ಸಂಖ್ಯೆ ನೋಡಲ್ಲ, ನಮಗೆ ಬೇಕಾಗಿರೋದೇ ಅದು. ಫೋನಿನ ಟ್ರಾನ್ಸ್‌ಮಿಟರ್ ಶಕ್ತಿ 4ಜಿಯಲ್ಲಿ ಹೆಚ್ಚು ಅಂದ್ರೆ ಸುಮಾರು 0.2 ವ್ಯಾಟ್, ಟವರ್‌ದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಜಾತ್ರೇಲಿ ಮೈಕ್ ಹಿಡಿದು ಮಾತಾಡೋರ ದನಿ ನಮಗೆ ಗದ್ದೆ ಆಚೆವರೆಗೂ ಕೇಳುತ್ತೆ, ನಾವು ಅಲ್ಲಿಂದ ಬರೀ ಬಾಯಲ್ಲಿ ಕೂಗಿದ್ದು ಅವರಿಗೆ ಕೇಳಲ್ಲ, ಅಪ್‌ಲೋಡ್ ಪರಿಸ್ಥಿತಿ ಅದೇ. ಮೇಲೆ ಕಾಣೋ ಕಡ್ಡಿಗಳು ಟವರಿಂದ ನಮಗೆ ಎಷ್ಟು ಕೇಳ್ತಿದೆ ಅಂತ ಹೇಳುತ್ತೆ ಹೊರತು ನಮ್ಮದು ಅಲ್ಲಿಗೆ ಎಷ್ಟು ಮುಟ್ಟುತ್ತೆ ಅಂತಲ್ಲ.

ಹಾಗಾಗಿ ಹಾಟ್‌ಸ್ಪಾಟ್ ಫೋನ್ ಎಲ್ಲಿ ಇಡ್ತೀವಿ ಅನ್ನೋದು ತುಂಬಾ ಮುಖ್ಯ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿದ್ರೆ ಸಿಗ್ನಲ್ ಎಷ್ಟು ಡಿಬಿಎಂ ಅಂತ ತೋರಿಸುತ್ತೆ, ಮೈನಸ್ ಸಂಖ್ಯೆ, ಸೊನ್ನೆಗೆ ಹತ್ರ ಬಂದಷ್ಟೂ ಒಳ್ಳೇದು. ನಮ್ಮನೆ ಜಗುಲೀಲಿ ಮೈನಸ್ 115 ಇರೋದು ಮಾಳಿಗೆ ಕಿಟಕಿ ಹತ್ರ ಮೈನಸ್ 100ರ ಆಸುಪಾಸು ಬರುತ್ತೆ, ಅಷ್ಟು ವ್ಯತ್ಯಾಸಕ್ಕೇ ಅಪ್‌ಲೋಡ್ ಒಂದು ಹದಕ್ಕೆ ಬರುತ್ತೆ. ಹಾಟ್‌ಸ್ಪಾಟ್ ಫೋನ್ ಕಿಟಕೀಲಿ ಇಟ್ಟು, ಲ್ಯಾಪ್‌ಟಾಪನ್ನೂ ಮಾಳಿಗೆಗೇ ತಗೊಂಡು ಹೋಗ್ತೀನಿ. ಮಣ್ಣಿನ ಗೋಡೆ ದಪ್ಪ, 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ (ಹಾಟ್‌ಸ್ಪಾಟ್ ಸೆಟ್ಟಿಂಗಲ್ಲಿ ಆರಿಸೋ ವೈಫೈ ತರಂಗ, 5ಜಿ ಅಲ್ಲ) ಅದನ್ನ ದಾಟಲ್ಲ, ಒಂದೇ ಕೋಣೇಲಿ ಇದ್ರೆ 5, ಗೋಡೆ ಅಡ್ಡ ಇದ್ರೆ 2.4. ಬಿಸಿಲು ಬೀಳೋ ಕಿಟಕಿ ಮಾತ್ರ ಬೇಡ, ಚಾರ್ಜ್ ಆಗ್ತಾ ಹಾಟ್‌ಸ್ಪಾಟ್ ಕೊಡೋ ಫೋನು ಮೊದಲೇ ಕಾಯ್ದಿರುತ್ತೆ.

ಅಪ್‌ಲೋಡ್ ದಾರಿ ಪೂರ್ತಿ ತುಂಬಿದ್ರೆ ಮನೇಲಿ ಉಳಿದೋರ ವಾಟ್ಸಾಪೂ ನಿಲ್ಲುತ್ತೆ, ಯಾಕಂದ್ರೆ ಏನೇ ತೆರೀಬೇಕಾದ್ರೂ ಒಂದು ಕೋರಿಕೆ ಇಲ್ಲಿಂದ ಮೇಲೆ ಹೋಗ್ಬೇಕಲ್ಲ, ಅದು ಫೋಟೋಗಳ ಹಿಂದೆ ಸಾಲಲ್ಲಿ ನಿಂತಿರುತ್ತೆ. ಒನ್‌ಡ್ರೈವಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕೋ ಜಾಗ ಇದೆ, ಟೆಸ್ಟಲ್ಲಿ ಬಂದಿದ್ದರ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ ಹಾಕಿದ್ರೆ ಎಲ್ರಿಗೂ ನೆಮ್ಮದಿ. ಅಲ್ಲಿ ಲೆಕ್ಕ ಕಿಲೋಬೈಟಲ್ಲಿ, ಟೆಸ್ಟ್ ತೋರಿಸೋದು ಮೆಗಾಬಿಟ್, ಎಂಟರಿಂದ ಭಾಗಿಸ್ಬೇಕು. 4 ಮೆಗಾಬಿಟ್ ಅಂದ್ರೆ ಸೆಕೆಂಡಿಗೆ 500 ಕಿಲೋಬೈಟ್.

ದಿನದ ಡೇಟಾ ಮುಗಿದಿದೆಯಾ ಅಂತ್ಲೂ ನೋಡಿ. ದಿನಕ್ಕೆ 1.5 ಜಿಬಿ, 2 ಜಿಬಿ ಪ್ಲಾನ್‌ಗಳಲ್ಲಿ ಅದು ಮುಗಿದ ಮೇಲೆ ನೆಟ್ ಕಟ್ ಆಗಲ್ಲ, ಹೆಚ್ಚಿನ ಕಂಪನಿಗಳಲ್ಲಿ 64 ಕೆಬಿಪಿಎಸ್‌ಗೆ ಇಳಿಯುತ್ತೆ. ಅಂದ್ರೆ ಸೆಕೆಂಡಿಗೆ 8 ಕಿಲೋಬೈಟ್, 4 ಎಂಬಿ ಫೋಟೋ ಒಂದು ಹೋಗೋಕೆ ಎಂಟು ನಿಮಿಷದ ಮೇಲೆ, ಅಷ್ಟರೊಳಗೆ ಆ್ಯಪ್ ಕಾದು ಕಾದು ಬಿಟ್ಟುಬಿಡುತ್ತೆ, ಮತ್ತೆ ಶುರು ಮಾಡುತ್ತೆ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಲೆಕ್ಕ ಶುರು, ಅದಕ್ಕೆ ನಾನು ದೊಡ್ಡ ಸಮಾರಂಭ ಮುಗಿಸಿ ಬಂದ ದಿನ ಹನ್ನೊಂದರ ಹೊತ್ತಿಗೆ ಅಪ್‌ಲೋಡ್ ಹಚ್ಚಿ ಮಲಗ್ತೀನಿ, ಇವತ್ತು ಉಳಿದ ಡೇಟಾ ಮುಗೀತಿದ್ದಂಗೆ ನಾಳೇದು ಸಿಗುತ್ತೆ, ಆ ಹೊತ್ತಲ್ಲಿ ಟವರ್ ಮೇಲೆ ಜನಾನೂ ಕಮ್ಮಿ. ವಿಡಿಯೋ ಲೆಕ್ಕ ಮೊದಲೇ ಹಾಕ್ಕೊಳಿ, ಐಫೋನಲ್ಲಿ 4ಕೆ (ತುಂಬಾ ಸ್ಪಷ್ಟವಾದ) 30 ಫ್ರೇಮಿನ ವಿಡಿಯೋ ಒಂದು ನಿಮಿಷಕ್ಕೆ ಸುಮಾರು 170 ಎಂಬಿ, ಮೋಸ್ಟ್ ಕಂಪ್ಯಾಟಿಬಲ್ ಅನ್ನೋ ಫಾರ್ಮ್ಯಾಟಲ್ಲಾದ್ರೆ ಸುಮಾರು 350 ಎಂಬಿ. ಹತ್ತು ನಿಮಿಷದ ವಿಡಿಯೋನೇ ದಿನದ ಕೋಟಾ ನುಂಗುತ್ತೆ, ಹಾಗಾಗಿ ಹಾಟ್‌ಸ್ಪಾಟ್ ಮೇಲೆ ಫೋಟೋ ಮಾತ್ರ, ವಿಡಿಯೋ ಎರಡನೇ ಡಿಸ್ಕಿಗೆ ಕಾಪಿ ಮಾಡಿಟ್ಟು ಸಾಗರಕ್ಕೆ ಹೋದಾಗ ಸ್ನೇಹಿತರ ಮನೆ ಫೈಬರಲ್ಲಿ ಹಾಕೋದು ನನ್ನ ಪದ್ಧತಿ.

ಬೆಳಿಗ್ಗೆ ಎದ್ದು ನೋಡಿದ್ರೆ ಅರ್ಧಕ್ಕೇ ನಿಂತಿದೆ ಅಂದ್ರೆ ಅದು ಸಾಮಾನ್ಯವಾಗಿ ಬ್ಯಾಟರಿ ಉಳಿತಾಯದ ಕೆಲಸ. ಸ್ಕ್ರೀನ್ ಆಫ್ ಆಗಿ ಅಲುಗಾಡದೆ ಬಿದ್ದಿರೋ ಆಂಡ್ರಾಯ್ಡ್ ಫೋನು ನಿದ್ದೆಗೆ ಜಾರುತ್ತೆ, ಚಾರ್ಜರ್ ಹಾಕಿದ್ರೆ ಜಾರಲ್ಲ, ಎರಡೂ ಫೋನಿಗೆ ಚಾರ್ಜರ್ ಹಾಕಿ. ಫೋಟೋಸ್ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗಲ್ಲಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಯಾರೂ ಕನೆಕ್ಟ್ ಆಗಿಲ್ಲ ಅಂದ್ರೆ ಹಾಟ್‌ಸ್ಪಾಟ್ ತಾನಾಗೇ ಆಫ್ ಆಗೋ ಆಯ್ಕೆ ಇರುತ್ತೆ, ಅದನ್ನ ರಾತ್ರಿ ಮಟ್ಟಿಗೆ ತೆಗೀರಿ, ವೈಫೈ ಒಂದು ಸಲ ತಪ್ಪಿ ಹೋದ್ರೂ ಮತ್ತೆ ಹತ್ಕೊಳ್ಳೋಕೆ ಹಾಟ್‌ಸ್ಪಾಟ್ ಇರ್ಬೇಕಲ್ಲ.

ಕೆಲವು ಸಲ ನೆಟ್ಟಿಗೆ ಸಂಬಂಧಾನೇ ಇರಲ್ಲ. ಗೂಗಲ್‌ನ ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ. 2021ರ ಜೂನ್ 1ರಿಂದ ಹೊಸದಾಗಿ ಹಾಕೋ ಫೋಟೋ ಎಲ್ಲ ಇದರ ಲೆಕ್ಕಕ್ಕೇ ಬರುತ್ತೆ, ಐಕ್ಲೌಡ್ ಉಚಿತ ಜಾಗ 5 ಜಿಬಿ ಮಾತ್ರ. ಜಾಗ ತುಂಬಿದ್ರೆ ಎಂಥ ನೆಟ್ ಇದ್ರೂ ಒಂದು ಫೋಟೋನೂ ಹೋಗಲ್ಲ. ಇನ್ನು ವಾಟ್ಸಾಪಲ್ಲಿ ಬಂದ ಫೋಟೋ ತಾನಾಗೇ ಬ್ಯಾಕಪ್ ಆಗಲ್ಲ, ಗೂಗಲ್ ಫೋಟೋಸ್‌ನ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಫೋಲ್ಡರ್ಸ್‌ಗೆ ಹೋಗಿ ಆ ಫೋಲ್ಡರ್ ಆನ್ ಮಾಡ್ಬೇಕು. ಹಳ್ಳೀಲಿ ಅಮ್ಮಂದಿರ ಫೋನಲ್ಲಿ ಮೊಮ್ಮಕ್ಕಳ ಫೋಟೋ ಪೂರ್ತಿ ಇರೋದು ಅಲ್ಲೇ, ಅದು ಉಳೀಲಿಲ್ಲ ಅಂದ್ರೆ ಅವರಿಗೆ ಆಗೋ ಸಂಕಟ ನಾನು ಕಣ್ಣಾರೆ ನೋಡಿದೀನಿ, ದಯವಿಟ್ಟು ಇದೊಂದು ಮರೀಬೇಡಿ.

ಎಲ್ಲ ಹೋಯ್ತು ಅಂತ ಕಂಡಾಗ ಬೇರೆ ಒಂದು ಸಾಧನದಲ್ಲಿ ಬ್ರೌಸರಿಂದ ಲಾಗಿನ್ ಆಗಿ ಮೊದಲ ಫೋಟೋ, ಕೊನೇ ಫೋಟೋ, ನಡುವೆ ಒಂದೆರಡು ತೆರೆದು ನೋಡಿ, ಆಮೇಲೇ ಫೋನಲ್ಲಿ ಜಾಗ ಖಾಲಿ ಮಾಡಿ. ಅದೂ ಗೂಗಲ್ ಫೋಟೋಸ್‌ನ ಫ್ರೀ ಅಪ್ ಸ್ಪೇಸ್ ಆಯ್ಕೆಯಿಂದಲೇ. ಆ್ಯಪ್ ಒಳಗೆ ಒಂದೊಂದೇ ಡಿಲೀಟ್ ಮಾಡಿದ್ರೆ ಕ್ಲೌಡಿಂದಲೂ ಹೋಗುತ್ತೆ, ಬ್ಯಾಕಪ್ ಆಗಿರೋದು ಗೂಗಲ್ ಕಸದಬುಟ್ಟೀಲಿ 60 ದಿನ ಇರುತ್ತೆ, ಆಮೇಲೆ ಇಲ್ಲ. ಐಕ್ಲೌಡಲ್ಲಂತೂ ಒಂದು ಕಡೆ ಅಳಿಸಿದ್ರೆ ಎಲ್ಲ ಸಾಧನದಲ್ಲೂ ಅಳಿಯುತ್ತೆ. ಕೆಲಸ ಮುಗಿದ ಮೇಲೆ ಆ ಹಾಟ್‌ಸ್ಪಾಟನ್ನ ಮತ್ತೆ ಮೀಟರ್ಡ್‌ಗೆ ತಿರುಗಿಸಿಡಿ, ಇಲ್ಲಾಂದ್ರೆ ಪ್ಲೇ ಸ್ಟೋರಿನ ಅಪ್‌ಡೇಟುಗಳು ಇದೇ ದಾರೀಲಿ ನುಗ್ಗಿ ಮಧ್ಯಾಹ್ನದೊಳಗೆ ನಿಮ್ಮ ಡೇಟಾ ಮುಗಿಸಿರುತ್ತೆ.